ಅಲ್ಲಾಡಬೇಡ, ಫೋಟೊ!

ಹೊಳಲ್ಕೆರೆ

ಮದುವೆಮನೆಯಲ್ಲಿ ಫೋಟೊ ತೆಗೆಯುವವನ ಮಾತಿಗಿರುವ ಬೆಲೆ ಬೀಗರ ಮಾತಿಗೂ ಇರುವುದಿಲ್ಲ. ‘ಗಲ್ಲ ಸ್ವಲ್ಪ ಮೇಲೆ, ಅಲ್ಲಾಡಬೇಡಿ’ ಅಂದರೆ ಸಾಕು, ಎಂಥ ದೊಡ್ಡ ಮನುಷ್ಯನೂ ಕೈ ಪಕ್ಕಕ್ಕೆ ಇಳಿಬಿಟ್ಟು ಕಂಬದ ಹಾಗೆ ನಿಂತುಬಿಡುತ್ತಾನೆ. ಹೊಳಲ್ಕೆರೆಯಲ್ಲಿ ಸ್ಟುಡಿಯೊ ಇಟ್ಟುಕೊಂಡು ಇಷ್ಟು ವರ್ಷ ನಾನು ಸಂಪಾದಿಸಿದ್ದು ಈ ಒಂದು ಅಧಿಕಾರವನ್ನು. ಅದು ಆಲ್ಪ್ಸ್ ಪರ್ವತದ ಹಿಮದ ಮೇಲೆ ಕೆಲಸಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನನ್ನ ಜೊತೆ ಬಂದವನು ರುದ್ರೇಶ. ಹಿರಿಯೂರಿನಲ್ಲಿ ಅವನದು ಪಂಪು, ಪೈಪು ಮಾರುವ ಅಂಗಡಿ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಆಮೇಲೆ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾಗಿ ಷಡ್ಡಕರಾದೆವು. ಅವನು ಮದುವೆಯಾಗಿದ್ದು ಅಕ್ಕ ಗೌರಕ್ಕನನ್ನು, ನಾನು ತಂಗಿ ಶಶಿಯನ್ನು. ಹಾಗಾಗಿ ಲೆಕ್ಕಕ್ಕೆ ಅವನು ನನಗೆ ಅಣ್ಣನಾಗಬೇಕು. ಒಂದೇ ಬೆಂಚಿನಲ್ಲಿ ಕೂತು ಒಂದೇ ಬೆತ್ತದಲ್ಲಿ ಏಟು ತಿಂದವನನ್ನು ಯಾರು ಅಣ್ಣ ಅನ್ನುತ್ತಾರೆ? ಗೌರಕ್ಕನಿಗೆ ನನ್ನ ಮೇಲಿದ್ದ ತಕರಾರು ಇದೊಂದೇ.

ಹೊರಡುವ ದಿನ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಹೇಳಿದಳು: “ಏನಪ್ಪ ತಿಪ್ಪೇಸ್ವಾಮಿ, ಅಲ್ಲಿಗೆ ಹೋದ್ಮೇಲಾದ್ರೂ ಲೇ ಗೀ ಅನ್ನೋದು ಬಿಡು. ಅವರಿಗೆ ಒಂದ್ ಸಲ ಅಣ್ಣ ಅಂದ್ರೆ ನಿನ್ನ ಗಂಟೇನು ಹೋಗ್ತೈತೆ?”

“ಅಂತೀನಿ ಬಿಡಕ್ಕ, ಅಂತ ಹೊತ್ತು ಬಂದಾಗ ಅಂತೀನಿ,” ಅಂದೆ.

“ಅದೂ ಹೋಗ್ಲಿ. ಹೆಂಗ್ ಕರ್ಕಂಡು ಹೋಗ್ತಿದೀಯೋ ಹಂಗೇ ಕರ್ಕಂಡು ಬಂದು ಈ ಬಾಗ್ಲಾಗೆ ನಿಲ್ಸು. ಅಷ್ಟೇ ನಾನ್ ಕೇಳೋದು.” ಈ ಮಾತು ಹೇಳುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಆಗಲಿ ಅಂತ ಮಾತು ಕೊಟ್ಟೆ. ಪ್ರಯಾಣದುದ್ದಕ್ಕೂ ನನ್ನ ತಲೆಯ ಮೇಲೆ ಕೂತಿದ್ದದ್ದು ಆ ಮಾತು.

ಆಲ್ಪ್ಸ್ ಹತ್ತುವ ಈ ಹುಚ್ಚು ಹಿಡಿಸಿದವಳು ಮಗ್ದಲೇನ ಎಂಬ ಆಸ್ಟ್ರಿಯಾದ ಹೆಂಗಸು. ಹಿಮದ ಬೆಟ್ಟಗಳಲ್ಲಿ ಜನರಿಗೆ ದಾರಿ ತೋರಿಸುವುದೇ ಅವಳ ಕಸುಬು. ನಮ್ಮ ಚಿತ್ರದುರ್ಗದ ಬಂಡೆಗಳನ್ನು ಹತ್ತಲು ಬಂದಿದ್ದಾಗ ಅವಳ ಫೋಟೊಗಳನ್ನು ನಾನು ತೆಗೆದಿದ್ದೆ. ‘ಚಳಿಗಾಲದಲ್ಲಿ ನಮ್ಮ ಬೆಟ್ಟಕ್ಕೆ ಬಾ, ಬೆಳಕು ಅಂದರೆ ಏನು ಅಂತ ತೋರಿಸುತ್ತೇನೆ’ ಅಂದಿದ್ದಳು. ಆದರೆ ಸ್ಕೀ ಮಾಡಲು ಬಾರದವರನ್ನು ಕರೆದೊಯ್ಯುವವಳಲ್ಲ. ಎರಡು ಚಳಿಗಾಲ ಉತ್ತರಾಖಂಡದ ಇಳಿಜಾರುಗಳಲ್ಲಿ ಬಿದ್ದು ಎದ್ದು, ಮೊಣಕಾಲು ಊದಿಸಿಕೊಂಡು ಕಲಿತೆವು. ರಾಮಗಿರಿ ಗುಡ್ಡ, ಜೋಗಿಮಟ್ಟಿ ಎಲ್ಲಕ್ಕೂ ನನ್ನ ಜೊತೆ ಬರುತ್ತಿದ್ದ ರುದ್ರೇಶ ಇದಕ್ಕೂ ಬಂದ. “ನೀನೊಬ್ನೇ ಹೋಗಿ ಬಿದ್ರೆ ಎತ್ತೋರ್ ಯಾರಲೇ?” ಅಂದ.

ಕಣಿವೆಯ ಊರು

ಸ್ಕೀ ಅಂದರೆ ಟೀವಿಯಲ್ಲಿ ತೋರಿಸುವ ಹಾಗೆ ಸರ್ರನೆ ಜಾರುವುದು ಅಂತ ನಮ್ಮ ಕಡೆ ತಿಳಿದಿದ್ದಾರೆ. ಮಗ್ದಲೇನಳ ಬೆಟ್ಟದಲ್ಲಿ ಮೇಲಕ್ಕೆ ಹೊತ್ತೊಯ್ಯುವ ತಂತಿಯ ಕುರ್ಚಿಯೂ ಇಲ್ಲ, ಸವರಿ ಸಿದ್ಧಮಾಡಿದ ಹಾದಿಯೂ ಇಲ್ಲ. ಕಾಲಿನ ಸ್ಕೀ ಹಲಗೆಯ ತಳಕ್ಕೆ ತುಪ್ಪಳದ ಪಟ್ಟಿ ಅಂಟಿಸಿಕೊಂಡು ಬೆಟ್ಟವನ್ನು ಹತ್ತಬೇಕು. ತುಪ್ಪಳ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚುತ್ತದೆ. ಮೇಲೆ ಹೋದ ಮೇಲೆ ಪಟ್ಟಿ ಕಿತ್ತು ಜಾರಿಕೊಂಡು ಇಳಿಯಬೇಕು. ಅರ್ಧ ದಿನದ ಬೆವರಿಗೆ ಅರ್ಧ ಗಳಿಗೆಯ ಸುಖ.

ಮೊದಲ ದಿನವೇ ಮಗ್ದಲೇನ ನಮ್ಮ ಕೈಗೆ ತಲಾ ಒಂದು ಯಂತ್ರ ಕೊಟ್ಟಳು. ಬೀಕನ್ ಅಂತ ಹೆಸರು, ಸೋಪಿನ ಡಬ್ಬಿಯಷ್ಟು ಗಾತ್ರ, ಪಟ್ಟಿ ಹಾಕಿ ಎದೆಗೆ ಕಟ್ಟಿಕೊಳ್ಳುವಂಥದ್ದು. ಹಿಮ ಕುಸಿದು ಯಾರಾದರೂ ಹೂತುಹೋದರೆ ಅವರ ಬೀಕನ್ ಒಳಗಿಂದ ಕೂಗುತ್ತದೆ. ಉಳಿದವರು ತಮ್ಮ ಬೀಕನ್ನಿನ ಗುಂಡಿಯನ್ನು ಹುಡುಕುವ ಕಡೆಗೆ ತಿರುಗಿಸಿಕೊಂಡು ಅದನ್ನು ಕೇಳುತ್ತ ಹೋಗಿ ಅಗೆಯಬೇಕು. ಕಾಲು ಗಂಟೆಯೊಳಗೆ ತೆಗೆದರೆ ಮನುಷ್ಯ, ತಡವಾದರೆ ಹೆಣ ಅಂತ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. “ಬೆಳಿಗ್ಗೆ ಬಾಗಿಲು ದಾಟುವಾಗ ಹಾಕಿದ್ದನ್ನು ಸಂಜೆ ಬಾಗಿಲು ದಾಟಿದ ಮೇಲೆ ತೆಗೆಯಬೇಕು. ನಡುವೆ ಏನೇ ಆದರೂ ಮೈಮೇಲಿಂದ ಇಳಿಯಕೂಡದು.”

ಆಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ಪರೀಕ್ಷೆ ಮಾಡಿದಳು. ರುದ್ರೇಶನ ಮುಂದೆ ಬಂದಾಗ ಹುಬ್ಬು ಗಂಟಿಕ್ಕಿದಳು. ಅವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಲೋಹದ ಡಬ್ಬಿ ಬೀಕನ್ನಿಗೆ ಒತ್ತಿಕೊಂಡಿದ್ದರೆ ಅದರ ಕೂಗು ಕೆಡುತ್ತದಂತೆ. ತೆಗೆದಿಡು ಅಂದಳು.

“ಜೀವ ಹೋದ್ರೂ ತೆಗಿಯಲ್ಲ ಅಂತ ಹೇಳಲೇ ಆಯಮ್ಮಗೆ,” ಅಂದ ರುದ್ರೇಶ.

ನಾನು ಅದೇ ಮತದವನು, ಆದರೆ ನನ್ನ ಲಿಂಗ ಹೊಳಲ್ಕೆರೆಯ ದೇವರ ಗೂಡಿನಲ್ಲಿ ಸುಖವಾಗಿದೆ. ರುದ್ರೇಶ ಹಾಗಲ್ಲ. ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ್ದನ್ನು ಇವತ್ತಿಗೂ ಮೈಯಿಂದ ಬೇರೆ ಮಾಡಿದವನಲ್ಲ. ದಿನಾ ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ಕಡೆಗೆ ಅವನೇ ದಾರಿ ಕಂಡುಕೊಂಡ. ಬೆಳ್ಳಿಯ ಕರಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ಬೀಕನ್ನು ಅದರ ಮೇಲೆ ಕೂತಿತು. ಮಗ್ದಲೇನ ಮತ್ತೆ ಪರೀಕ್ಷಿಸಿ ತಲೆಯಾಡಿಸಿದಳು. ರುದ್ರೇಶ ಮಾತ್ರ ಆ ಡಬ್ಬಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ದೇವರ ಮೇಲೆ ಇನ್ನೇನೋ ಕೂರಿಸಿದ ಹಾಗಾಗುತ್ತದೆ ಅಂತ ಅವನ ಕಸಿವಿಸಿ.

ಮೇಲಿನ ತಂಗುಮನೆ

ಮರುದಿನ ಸಂಜೆಗೆ ಕಾಡು ದಾಟಿ ಹಿಮದ ನಡುವಿನ ಮರದ ಮನೆಯೊಂದಕ್ಕೆ ಬಂದೆವು. ಬಾಗಿಲಲ್ಲೇ ಬೂಟು ಬಿಚ್ಚಿಸಿ ಉಣ್ಣೆಯ ಚಪ್ಪಲಿ ಕೊಡುತ್ತಾರೆ. ಹತ್ತಾರು ಜನರ ಕಾಲಿನವು, ಜೋಡಿ ಸಿಗುವುದೇ ಪುಣ್ಯ. ರುದ್ರೇಶನಿಗೆ ಎರಡೂ ಎಡಗಾಲಿನವೇ ಸಿಕ್ಕವು. ಮನೆ ನೋಡಿಕೊಳ್ಳುವ ಮುದುಕ ಚೀಸು ಕಲಸಿ ತಟ್ಟಿ ಬೇಯಿಸಿದ ಉಂಡೆಯನ್ನು ಸಾರಿನಲ್ಲಿ ಮುಳುಗಿಸಿ ಕೊಟ್ಟ. ಗೌರಕ್ಕನ ಚಟ್ನಿಪುಡಿ ಅವನಿಗೂ ಒಂದು ಚಮಚ ಹಾಕಿದೆವು. ಅವನ ಕಿವಿ ಕೆಂಪಗಾಯಿತು, ಆದರೂ ಇನ್ನೊಂದು ಚಮಚ ಬೇಕೆಂದು ತಟ್ಟೆ ಚಾಚಿದ.

ಅಲ್ಲಿ ಇಪ್ಪತ್ತರ ಹುಡುಗಿಯರು ಆ ಮುದುಕನನ್ನು ಗೆಳೆಯನ ಹಾಗೆ ಮಾತಾಡಿಸುತ್ತಿದ್ದರು. ಅವರ ಭಾಷೆಯಲ್ಲೂ ನಮ್ಮ ಹಾಗೆಯೇ ನೀನು, ನೀವು ಎರಡೂ ಇವೆಯಂತೆ. ಕೆಳಗೆ ಊರಿನಲ್ಲಿ ಹಿರಿಯರಿಗೆ, ಗುರುತಿಲ್ಲದವರಿಗೆ ನೀವು ಅನ್ನುತ್ತಾರೆ. ಆದರೆ ಬೆಟ್ಟದ ಮೇಲಕ್ಕೆ ಬಂದ ಮೇಲೆ ಎಲ್ಲರೂ ಎಲ್ಲರಿಗೂ ನೀನು. ಮೇಲೆ ಬಂದವರ ಪ್ರಾಣ ಒಬ್ಬರದು ಇನ್ನೊಬ್ಬರ ಕೈಯಲ್ಲಿರುತ್ತದೆ, ಅಲ್ಲಿ ಮರ್ಯಾದೆ ಮಾಡುತ್ತ ಕೂರಲು ಹೊತ್ತಿಲ್ಲ ಅಂತ ಮಗ್ದಲೇನ ವಿವರಿಸಿದಳು.

“ನೋಡ್ದೇನಲೇ, ಇಲ್ಲಿನ ಕಾನೂನೂ ನನ್ನ ಕಡೇನೇ ಐತೆ. ಗೌರಕ್ಕಗೆ ಹೇಳು,” ಅಂದೆ.

“ಹೇಳ್ತೀನಿ, ಹೇಳ್ತೀನಿ. ಮೊದ್ಲು ನನ್ ಕಾಲಿಗೆ ಒಂದ್ ಬಲಗಾಲಿನ್ ಚಪ್ಲಿ ಹುಡುಕ್ಕೊಡು,” ಅಂದ.

ಆ ದಿನಗಳಲ್ಲಿ ನಾನು ಅವನಿಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಬಿಳಿ ಹಿಮದಲ್ಲಿ ಅಳತೆ ತಿಳಿಯಲು ಒಬ್ಬ ಮನುಷ್ಯ ಬೇಕು. ಅವನ ಅಂಗಿ, ಅವನ ಬ್ಯಾಗಿನ ಹೊದಿಕೆ ಎರಡೂ ಒಂದೇ ಕಿತ್ತಳೆ ಬಣ್ಣ, ಫೋಟೊದಲ್ಲಿ ಎದ್ದು ಕಾಣುತ್ತಿತ್ತು. ಹತ್ತು ಹೆಜ್ಜೆಗೊಮ್ಮೆ ‘ಲೇ ರುದ್ರ, ನಿಂತ್ಕ, ಒಂದ್ ಫೋಟೊ’ ಅಂತ ಕೂಗುತ್ತಿದ್ದೆ. ಎರಡನೇ ದಿನಕ್ಕೆ ಅವನು ನನ್ನ ಕೂಗಿಗೆ ತಿರುಗಿ ನೋಡುವುದನ್ನೇ ಬಿಟ್ಟಿದ್ದ.

ಬಂಡೆಯ ದಿಬ್ಬ

ಮರುದಿನ ಬೆಳಕು ಹರಿಯುವ ಹೊತ್ತಿಗೇ ಹೊರಟೆವು. ಬಿಸಿಲೇರಿದರೆ ಹಿಮ ಸಡಿಲವಾಗುತ್ತದೆ. ತಂಗುಮನೆಯ ಕೊಳಾಯಿ ಹೆಪ್ಪುಗಟ್ಟಿತ್ತು, ಕೈಕಾಲು ತೊಳೆಯಲೂ ನೀರಿಲ್ಲ. ರುದ್ರೇಶನ ಪೂಜೆ ಆಗಲಿಲ್ಲ. ಮಗ್ದಲೇನ ಬೈಯುತ್ತಾಳೆಂದು ತಿಂಡಿಯ ಬ್ರೆಡ್ಡನ್ನು ಜೇಬಿಗೆ ಹಾಕಿಕೊಂಡು, ತಿಂದವನ ಹಾಗೆ ಬಾಯಿ ಒರೆಸಿಕೊಂಡ. ನಾನು ನೋಡಿದೆ, ಸುಮ್ಮನಿದ್ದೆ. ಖಾಲಿ ಹೊಟ್ಟೆಯಲ್ಲೇ ಹತ್ತಿದ.

ಅವತ್ತು ಮಗ್ದಲೇನ ಹೆಚ್ಚು ಮಾತಾಡಲಿಲ್ಲ. ಆಗಾಗ ಕೋಲು ಚುಚ್ಚಿ ಹಿಮದ ಪದರ ನೋಡುತ್ತಿದ್ದಳು. ಹಿಂದಿನ ದಿನದ ಗಾಳಿ ಎಲ್ಲಿಂದಲೋ ಹಿಮ ಹೊತ್ತು ತಂದು ಇಳಿಜಾರುಗಳ ಮೇಲೆ ಪೇರಿಸಿತ್ತು. ಅಡಿಯ ಪದರ ಸಕ್ಕರೆಯ ಹಾಗೆ ಉದುರುದುರು, ಅದರ ಮೇಲೆ ಹಲಗೆಯಂಥ ಗಟ್ಟಿ ಪದರ. ಒಂದು ದೊಡ್ಡ ಬಂಡೆಯ ದಿಬ್ಬದ ಹತ್ತಿರ ನಿಂತು, ಇಲ್ಲಿಂದ ಮುಂದೆ ಹೋಗುವುದು ಬೇಡ ಅಂದಳು. ಕೂಗಿದರೆ ಕೇಳುವಷ್ಟು ದೂರದಲ್ಲಿ, ಸ್ವಲ್ಪ ಕೆಳಗೆ ಇನ್ನೊಂದು ದಿಬ್ಬವಿತ್ತು. ಅಲ್ಲಿಂದ ಶಿಖರದ ಮೇಲೆ ಬೆಳಕು ಬೀಳುವುದು ಚೆನ್ನಾಗಿ ಕಾಣುತ್ತದೆ ಅಂದಿದ್ದಕ್ಕೆ ನಾನು ಕುಣಿದೆ.

“ನೀವು ಹೋಗಿ ಬರ್ರಿ, ನಾನು ಇಲ್ಲೇ ಕುಂತಿರ್ತೀನಿ,” ಅಂದ ರುದ್ರೇಶ.

ಬಂಡೆ ಬಿಟ್ಟು ಕದಲಬೇಡ ಎಂದು ಮಗ್ದಲೇನ ಅವನಿಗೆ ಹೇಳಿದಳು. ಅವನು ಹೂಂ ಅಂದ. ನಾವಿಬ್ಬರೂ ಬದಿಯಲ್ಲಿ ಉಬ್ಬಿ ನಿಂತ ಗಟ್ಟಿ ಹಿಮದ ಏಣಿನ ಮೇಲೆ ಒಬ್ಬರಾದ ಮೇಲೊಬ್ಬರು ಜಾರಿ ಆ ದಿಬ್ಬ ಸೇರಿದೆವು. ನಾನು ಕ್ಯಾಮೆರಾ ತೆಗೆದು ಶಿಖರದ ಕಡೆ ಹಿಡಿದೆ. ಬೆಳಕು ಇಳಿಯುತ್ತಿತ್ತು, ತುಪ್ಪ ಕರಗುವ ಹಾಗೆ.

ಆಗ ಕೇಳಿತು. ಅಟ್ಟದ ಮೇಲೆ ರಾಗಿ ಚೀಲ ಎತ್ತಿಹಾಕಿದ ಹಾಗೆ ‘ಧೊಪ್’ ಅಂತ ಒಂದು ಸದ್ದು. ಮಗ್ದಲೇನ ನನ್ನ ತೋಳು ಹಿಡಿದಳು. ರುದ್ರೇಶನನ್ನು ಬಿಟ್ಟುಬಂದ ಬಂಡೆಯ ಪಕ್ಕದ ಇಳಿಜಾರಿನಲ್ಲಿ ಒಂದು ಗೆರೆ ಬಿರಿಯಿತು. ಗೆರೆಯ ಕೆಳಗಿನದೆಲ್ಲ ತುಂಡುತುಂಡಾಗಿ ಜಾರತೊಡಗಿತು. ಆ ಬಿಳಿ ಹೊಗೆಯ ನಡುವೆ ಕಿತ್ತಳೆ ಬಣ್ಣದ್ದೊಂದು ಎರಡು ಸಲ ಮೇಲೆದ್ದು ಮುಳುಗಿದ್ದನ್ನು ನಾನು ನನ್ನ ಕಣ್ಣಾರೆ ಕಂಡೆ.

“ರುದ್ರಾ!” ಅಂತ ಕೂಗಿದೆ. ಕೂಗಿದೆ, ಮತ್ತೂ ಕೂಗಿದೆ. ಬಂಡೆಯ ಕಡೆಯಿಂದ ಉತ್ತರವಿಲ್ಲ.

ಮಗ್ದಲೇನ ತನ್ನ ಬೀಕನ್ನನ್ನು ಹುಡುಕುವುದಕ್ಕೆ ತಿರುಗಿಸಿದಳು, ನನ್ನದನ್ನೂ ತಿರುಗಿಸಿದಳು. ಕುಸಿದ ಹಿಮ ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ಬೀಳುತ್ತ ಏಳುತ್ತ ಹೋದೆವು. ಡಬ್ಬಿಯ ಮೇಲಿನ ಅಂಕಿ ಇಳಿಯುತ್ತ ಬಂತು. ಇಳಿದಷ್ಟೂ ಅವನು ಹತ್ತಿರ. ನನಗೆ ಕಣ್ಣಿಗೆ ಕಾಣುತ್ತಿದ್ದದ್ದು ಅಂಕಿಯಲ್ಲ, ಹಿರಿಯೂರಿನ ಆ ಬಾಗಿಲು. ಅಲ್ಲಿ ನಾನೊಬ್ಬನೇ ಹೋಗಿ ನಿಂತರೆ ಗೌರಕ್ಕ ನನ್ನ ಹಿಂದೆ ಯಾರನ್ನು ಹುಡುಕುತ್ತಾಳೆ? ಶಿವನೇ, ಇದೊಂದು ಸಲ ಕಾಪಾಡಪ್ಪ ಅಂತ ಗಟ್ಟಿಯಾಗಿಯೇ ಅಂದೆ.

ಅವಳು ಮಡಚುವ ಸಲಾಕೆ ಬಿಡಿಸಿ ಚುಚ್ಚಿದಳು. ಏನೋ ಮೆತ್ತಗೆ ತಾಕಿತು. ಇಬ್ಬರೂ ಸಲಿಕೆ ಹಾಕಿ ಅಗೆದೆವು. ಕಿತ್ತಳೆ ಬಟ್ಟೆ ಕಂಡಿತು. ನಾನು ಸಲಿಕೆ ಬಿಸಾಡಿ ಕೈಯಲ್ಲೇ ಬಗೆದು ಎಳೆದೆ.

ಬ್ಯಾಗು. ಬರೀ ಬ್ಯಾಗು. ಅದರ ಮೇಲಿನ ಜೇಬಿನಲ್ಲಿ ಬೀಕನ್ನು ಮಿಣಕ್ ಮಿಣಕ್ ಅನ್ನುತ್ತ ಕೂತಿತ್ತು.

ಮಗ್ದಲೇನ ಅದನ್ನು ಆರಿಸಿದಳು. “ಅವನ ಮೈಮೇಲಿಲ್ಲ,” ಅಂದಳು. ಇನ್ನು ಉಳಿದದ್ದು ಇಷ್ಟು ದೊಡ್ಡ ಹಿಮದ ರಾಶಿಯನ್ನು ಅಂಗುಲ ಅಂಗುಲ ಚುಚ್ಚುವುದೊಂದೇ. ಶುರುಮಾಡುವ ಮೊದಲು ತಲೆಯೆತ್ತಿ ನೋಡಿದಳು. ನಾನೂ ನೋಡಿದೆ. ಇಳಿಜಾರಿನ ಅರ್ಧ ಮಾತ್ರ ಕುಸಿದಿತ್ತು. ಉಳಿದರ್ಧ ಬಿರುಕು ಬಿಟ್ಟುಕೊಂಡು ನಮ್ಮ ನೆತ್ತಿಯ ಮೇಲೆ ನೇತಾಡುತ್ತಿತ್ತು. “ಅದು ಬಂದರೆ ಎಡಕ್ಕೆ ಓಡು. ಕ್ಯಾಮೆರಾ ಹುಡುಕಬೇಡ,” ಅಂದು ಸಲಾಕೆ ಚುಚ್ಚಿದಳು. ಆ ಹೆಂಗಸು ಓಡಿಹೋಗಬಹುದಿತ್ತು. ಓಡಲಿಲ್ಲ.

ಆಗ ಮೇಲಿಂದ ದನಿ ಬಂತು: “ಏನಾತಲೇ? ಯಾರಿಗೇನಾತು?”

ಬಂಡೆಯ ಹಿಂದಿನಿಂದ ರುದ್ರೇಶ ಎದ್ದು ಬಂದಿದ್ದ. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಬರಿ ಕೆಂಪು ಕಾಲುಚೀಲ. ಹಿಮದಲ್ಲೇ ಕೈ ತೊಳೆದು ಪೂಜೆಗೆ ಕೂತಿದ್ದನಂತೆ ಮಹಾರಾಯ. ಬೂಟು ಬಿಚ್ಚಿ ಬಂಡೆಯ ಆಚೆ ಬದಿಗಿಟ್ಟು, ದೇವರ ಮೇಲೆ ಕೂತಿದ್ದ ಬೀಕನ್ನನ್ನು ಬಿಚ್ಚಿ ಬ್ಯಾಗಿಗೆ ಹಾಕಿ, ಆ ಬ್ಯಾಗನ್ನು ಪೂಜೆಯ ಮಗ್ಗುಲಲ್ಲಿ ಇಡಬಾರದೆಂದು ಹಿಮದ ಅಂಚಿಗೆ ಒಯ್ದಿಟ್ಟು ಬಂದಿದ್ದ. ಅಂಚು ಬ್ಯಾಗಿನ ಸಮೇತ ಹೋಗಿತ್ತು. ನನ್ನ ಕೂಗು ಕೇಳಿಸಿತ್ತಂತೆ. ಮತ್ತೆ ಫೋಟೊ ಇರಬೇಕು ಅಂದುಕೊಂಡನಂತೆ. ಪೂಜೆ ಮುಗಿಯುವವರೆಗೆ ಮಾತಾಡುವುದೂ ಇಲ್ಲ ಅವನು.

ಬದುಕಿದ್ದಾನೆ! ಅಷ್ಟರಲ್ಲಿ ಅವನು ನಮ್ಮ ಕಡೆಗೆ ಇಳಿಯತೊಡಗಿದ. ನೇತಾಡುತ್ತಿದ್ದ ಆ ಉಳಿದರ್ಧದ ಮೇಲೆಯೇ.

ಮಗ್ದಲೇನ ಎರಡೂ ಕೈಯೆತ್ತಿ ನಿಲ್ಲು ಅಂತ ಕಿರುಚಿದಳು. ಗಾಳಿಗೆ ಮಾತು ಹಾರಿಹೋಯಿತು. ಕೈಯೆತ್ತಿ ಕರೆಯುತ್ತಿದ್ದಾಳೆ ಅಂದುಕೊಂಡ ಅವನು. “ಬಂದೆ ತಡೀರಿ, ಬಂದೆ ಬಂದೆ!” ಅಂತ ಇನ್ನೂ ಬಿರಬಿರನೆ ಇಳಿದ. ಯಾರಿಗೋ ಏಟಾಗಿದೆ ಅಂದರೆ ನಿಲ್ಲುವ ಪೈಕಿಯಲ್ಲ ಅವನು. ಅವಳು ನನ್ನ ಕಡೆ ತಿರುಗಿ, “ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಮೂವರೂ ಹೋಗುತ್ತೇವೆ,” ಅಂದಳು.

ನಾನು ಕೊರಳಿನ ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದೆ. ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ: “ರುದ್ರೇಶಣ್ಣಾ! ಅಲ್ಲೇ! ಅಲ್ಲಾಡಬೇಡ, ಫೋಟೊ!”

ನಿಂತ. ಕೈ ಪಕ್ಕಕ್ಕೆ ಇಳಿಬಿಟ್ಟು, ಗಲ್ಲ ಮೇಲೆತ್ತಿ, ಮದುವೆಯ ಗಂಡಿನ ಹಾಗೆ ನಿಂತುಬಿಟ್ಟ. ನನ್ನ ಬೆರಳು ತಾನಾಗಿ ಒತ್ತಿತು.

“ಹಂಗೇ ಇರು! ಇನ್ನೊಂದು!” ಅನ್ನುತ್ತ ಕ್ಯಾಮೆರಾ ಇಳಿಸದೆ ನಾನು ಬದಿಗೆ ಸರಿದೆ. ಮಗ್ದಲೇನ ಆಗಲೇ ಏಣಿನ ಕಡೆ ಓಡುತ್ತಿದ್ದಳು. “ಈಗ ಹಿಂದಕ್ಕೆ ಹೋಗಣ್ಣ, ನಿನ್ನ ಹೆಜ್ಜೆ ಮೇಲೇ ಹೆಜ್ಜೆ ಇಡು, ಮೆಲ್ಲಗೆ! ಬೆನ್ನಿಗೆ ಬಂಡೆ ತಾಕಬೇಕು! ಬಂಡೆ ಬೇಕು ಫೋಟೊಕ್ಕೆ!” ಅವನು ಒಂದೊಂದೇ ಹೆಜ್ಜೆ ಹಿಂದಿಟ್ಟ. ಒಂದು ಸಲ ಹಿಮ ಕಿರ್ರಂದಿತು. ಕ್ಯಾಮೆರಾ ಎಷ್ಟು ನಡುಗುತ್ತಿತ್ತೆಂದರೆ ನನಗೆ ಒಬ್ಬ ರುದ್ರೇಶನ ಜಾಗದಲ್ಲಿ ಇಬ್ಬರು ಕಾಣುತ್ತಿದ್ದರು. ಕಡೆಗೆ ಅವನ ಬೆನ್ನು ಬಂಡೆಗೆ ತಾಕಿತು. ನಾನು ಅಲ್ಲೇ ಹಿಮದಲ್ಲಿ ಕುಸಿದು ಕೂತು, ಅಯ್ಯೋ ಅಂತ ಅತ್ತುಬಿಟ್ಟೆ.

ಮತ್ತೆ ತಂಗುಮನೆ

ಹಿಂದಿರುಗಿ ಚಹಾ ಕುಡಿಯುತ್ತಿದ್ದಾಗ ದೂರದಲ್ಲಿ ಗುಡುಗಿದ ಹಾಗಾಯಿತು. ಹಿಮದ ಉಳಿದರ್ಧವೂ ಬಿಸಿಲಿಗೆ ಕುಸಿದಿತ್ತು. ಮಗ್ದಲೇನ ಕಿಟಕಿಯ ಕಡೆ ನೋಡಲೂ ಇಲ್ಲ. ರುದ್ರೇಶ ಎದುರಿಗೆ ತಲೆ ತಗ್ಗಿಸಿಕೊಂಡು ಕೂತಿದ್ದ. ನಾನು ಅಷ್ಟು ಹೊತ್ತಿಗೆ ಅವನನ್ನು ನನಗೆ ಬರುವ ಬೈಗುಳದಲ್ಲೆಲ್ಲ ಬೈದು ಮುಗಿಸಿದ್ದೆ.

ಅವಳು ಬೈಯಲಿಲ್ಲ. ಅವನ ಕೊರಳಿನ ಬಿಳಿ ವಸ್ತ್ರ ತೋರಿಸಿ, ಇದನ್ನು ಯಾವಾಗಿನಿಂದ ಹಾಕಿಕೊಂಡಿದ್ದಾನೆ ಅಂತ ನನ್ನನ್ನು ಕೇಳಿದಳು. ಹುಟ್ಟಿದಾಗಿನಿಂದ ಅಂದೆ. ಒಮ್ಮೆಯೂ ತೆಗೆದಿಲ್ಲವಾ? ಇಲ್ಲ. ಜ್ವರ ಬಂದಾಗ? ಆಪರೇಷನ್ ಆದಾಗ? ಆಗಲೂ ಇಲ್ಲ, ಕೈಗೆ ಕಟ್ಟಿಸಿಕೊಂಡಿದ್ದ ಅಂದೆ.

“ಹಾಗಾದರೆ ಮೈಮೇಲಿಂದ ಇಳಿಸಬಾರದು ಅನ್ನುವ ಮಾತು ಇವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?” ಅಂದಳು.

ನಾನು ಕನ್ನಡದಲ್ಲಿ ಹೇಳಿದೆ. ರುದ್ರೇಶ ಎದ್ದು ಅವಳಿಗೆ ಕೈ ಮುಗಿದು, “ತಪ್ಪಾತು ತಾಯಿ,” ಅಂದ. ಅದನ್ನು ನಾನು ಅನುವಾದ ಮಾಡಬೇಕಾಗಲಿಲ್ಲ. ಮರುದಿನ ಅವನು ಪೂಜೆಗೆ ಕೂತಾಗ ಬೀಕನ್ನು ಎದೆಯ ಮೇಲೆಯೇ ಇತ್ತು. ನಾನು ಬಾಗಿಲಲ್ಲಿ ಕಾವಲು ಕೂತಿದ್ದೆ.

ಹಿರಿಯೂರು

ಮಾತು ಕೊಟ್ಟ ಹಾಗೆ ಬಾಗಿಲಲ್ಲಿ ತಂದು ನಿಲ್ಲಿಸಿದೆ. ನಡೆದದ್ದನ್ನು ಹೇಳಲಿಲ್ಲ. ಗೌರಕ್ಕನಿಗೆ ಅದೆಲ್ಲ ತಿಳಿಯುವುದು ಇದನ್ನು ಓದಿದಾಗಲೇ, ಆಮೇಲೆ ನನಗೆ ಆ ಮನೆಯಲ್ಲಿ ಊಟ ಸಿಗುವುದು ಅನುಮಾನ.

ಶಿಖರದ ಬೆಳಕಿನ ಚಿತ್ರಗಳು ನನ್ನ ಸ್ಟುಡಿಯೊದಲ್ಲಿವೆ. ಗೌರಕ್ಕ ಆರಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಪಡಸಾಲೆಯಲ್ಲಿ ನೇತುಹಾಕಿದ್ದು ಒಂದನ್ನೇ: ಹಿಮದ ಮೇಲೆ ಕೆಂಪು ಕಾಲುಚೀಲದಲ್ಲಿ ನೆಟ್ಟಗೆ ನಿಂತ ರುದ್ರೇಶ. ಬಂದವರೆಲ್ಲ ‘ಏನ್ ಕಳೆ ಐತ್ರೀ ಮುಖದಾಗೆ’ ಅನ್ನುತ್ತಾರೆ. ಬೂಟು ಎಲ್ಲಿ ಅಂತ ಕೇಳುತ್ತಾರೆ. ಅವನ ಕಾಲ ಕೆಳಗೆ ಅಡ್ಡಕ್ಕೆ ಹೋಗಿರುವ ಸಣ್ಣ ಗೆರೆಯನ್ನು ಯಾರೂ ಕೇಳುವುದಿಲ್ಲ.

ಮೊನ್ನೆ ಊಟಕ್ಕೆ ಕೂತಿದ್ದಾಗ ಗೌರಕ್ಕ ಹಳೆಯ ರಾಗ ತೆಗೆದಳು. “ಸಮುದ್ರ ದಾಟಿ ಹೋಗ್ಬಂದ್ರೂ ಇವ್ನಿಗೆ ಅಣ್ಣ ಅನ್ನಾಕೆ ನಾಲ್ಗೆ ತಿರುಗ್ಲಿಲ್ಲ ನೋಡು.”

“ಅಂದಾನೆ ಬಿಡೇ,” ಅಂದ ರುದ್ರೇಶ. “ಅಲ್ಲಿ ಅಂದಾನೆ.”

ಅವಳು ನಂಬಲಾರದೆ ನನ್ನ ಮುಖ ನೋಡಿದಳು. ಆಮೇಲೆ ಖುಷಿಯಾಗಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ತರಲು ಒಳಗೆ ಹೋದಳು.

“ನೋಡ್ದಾ, ನನ್ನ ಕ್ಯಾಮೆರಾ ನಿನ್ನ ಹೆಂಗ್ ನಿಲ್ಲಿಸ್ತು,” ಅಂದೆ ನಾನು, ಮೆಲ್ಲಗೆ.

“ನಿನ್ನ ಕ್ಯಾಮೆರಾ ಯಾವನ್ ನೋಡ್ದ? ಫೋಟೊ ಅಂತ ನೀನು ಸಾವಿರ ಸಲ ಕೂಗಿದ್ದೆ, ಒಂದ್ ಸಲನಾದ್ರೂ ನಿಂತಿದ್ನಾ?” ರುದ್ರೇಶ ಎಲೆಯ ಮೇಲಿನ ಅನ್ನ ಕಲಸುತ್ತ, ತಲೆ ಎತ್ತದೆ ಹೇಳಿದ. “ಅಣ್ಣ ಅಂದ್ಯಲ್ಲ, ಅವಾಗ್ಲೇ ಗೊತ್ತಾತು, ಜೀವದ ಮೇಲೆ ಬಂದೈತೆ ಅಂತ. ಕೈಕಾಲು ತಣ್ಣಗಾಗಿ ನಿಂತ್ಕಂಡೆ ಕಣೋ ನಾನು.”

ಒಳಗಿಂದ ಗೌರಕ್ಕನ ಬಳೆಯ ಸದ್ದು ಹತ್ತಿರವಾಯಿತು.

“ಇನ್ಮೇಲೆ ಅನ್ಬೇಡ ಮಾರಾಯ,” ಅಂದ. “ಲೇ ಅನ್ನು, ಸಾಕು.”

“ಆತು ಬಿಡಲೇ,” ಅಂದೆ.